ಮಸಿ ಹಿಡಿಸದ ಗರಿ: ಮಳವಳ್ಳಿ ಸೀಮೆಯ ಒಂದು ಕಟ್ಟು ಮತ್ತು ತೊಳೆಯದೆ ಉಳಿದ ಬಣ್ಣದ ಫಿಲ್ಮು

ಹಸ್ತಪ್ರತಿಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಛಾಯಾಗ್ರಹಣದ ರಸಾಯನವನ್ನು ಪ್ರಸ್ತಾಪಿಸುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಆದರೆ ಮೂಲವು ನಷ್ಟವಾಗಿ ಅದರ ಛಾಯೆಯೊಂದೇ ಉಳಿದಿರುವಲ್ಲಿ ಆ ಛಾಯೆಯೇ ಪ್ರತಿ. ಅದನ್ನು ಕಣ್ಣಿಗೆ ಕಾಣಿಸುವ ಕ್ರಮವೂ ಗ್ರಂಥಸಂಪಾದನೆಯ ಅಂಗವೇ ಆಗುತ್ತದೆ.

ಮದ್ದೂರು ಮಳವಳ್ಳಿಗಳ ಸೀಮೆಯಲ್ಲಿ ಜಿನಧರ್ಮದ ಪ್ರಾಚೀನತೆಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗಂಗರಾಜನು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿ ಬಿಟ್ಟ ತಿಪ್ಪೂರು, ಇಂದಿನ ಅರೆತಿಪ್ಪೂರು, ವಿದ್ವಾಂಸರಿಗೆ ಪರಿಚಿತವೇ. ಆ ಸೀಮೆಯ ಒಂದು ಶ್ರಾವಕ ಮನೆಯಲ್ಲಿ ನೋಂಪಿಯ ಕಥೆಗಳ ಓಲೆಕಟ್ಟೊಂದಿತ್ತು. 1983ರಲ್ಲಿ ನನ್ನ ಗುರುಗಳು ಅದನ್ನು ನೋಡಲು ಹೋದಾಗ ಹನ್ನೆರಡು ವರ್ಷದ ನಾನೂ ಜೊತೆಯಲ್ಲಿದ್ದೆ. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ಹಿಡಿಸಿದರೆ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆಯಷ್ಟೆ. ಆ ಕಟ್ಟಿನ ಕೊನೆಯ ಗರಿಗೆ ಮಸಿ ಹಿಡಿಸಿರಲಿಲ್ಲ. ಸಾಲದುದಕ್ಕೆ ಪೂಜೆಯ ಅರಿಶಿನ ಗಂಧಗಳ ಕಲೆ. ಮನೆಯವರು ಪೂಜಿಸುವ ಗರಿಗೆ ಹೊಸದಾಗಿ ಮಸಿ ತಿಕ್ಕುವುದು ಗುರುಗಳಿಗೆ ಒಪ್ಪಿಗೆಯಾಗಲಿಲ್ಲ. ಬಿಸಿಲು ಓರೆಯಾಗಿ ಬೀಳುವಂತೆ ನನ್ನ ಕೈಯಲ್ಲಿ ಕನ್ನಡಿ ಹಿಡಿಸಿ ಚಿತ್ರ ತೆಗೆದರು. ಕಲೆಯನ್ನೂ ಗೆರೆಯನ್ನೂ ಬೇರ್ಪಡಿಸಲು ಬಣ್ಣವೇ ಬೇಕೆಂದು ದುಬಾರಿಯಾದ ಬಣ್ಣದ ಫಿಲ್ಮನ್ನೇ ತಂದಿದ್ದರು. ಉಳಿದ ಗರಿಗಳ ಪಾಠ ಅವರ ನೋಟುಪುಸ್ತಕದಲ್ಲಿದೆ. ಕೊನೆಯ ಗರಿಯ ಲಿಪಿಕಾರವಾಕ್ಯದ ಜಾಗದಲ್ಲಿ ಮಾತ್ರ ‘ಚಿತ್ರವಿದೆ’ ಎಂದಷ್ಟೇ ಇದೆ. ಮುಂದೆ ಆ ಮನೆಯ ಅಟ್ಟ ಸೋರಿ, ಕಟ್ಟು ಗೆದ್ದಲಿನ ಪಾಲಾಯಿತು.

ಗುರುಗಳು ತೀರಿಕೊಂಡ ಮೇಲೆ, 2006ರ ಶ್ರುತಪಂಚಮಿಯಂದು ಅವರ ಪೆಟ್ಟಿಗೆ ತೆರೆದಾಗ ಮೂರು ಸುರುಳಿಗಳು ತೊಳೆಯದೆ ಹಾಗೆಯೇ ದೊರೆತವು. ಆತುರಪಟ್ಟು ಒಂದನ್ನು ಮಂಡ್ಯದ ಸ್ಟುಡಿಯೋವೊಂದಕ್ಕೆ ಕೊಟ್ಟೆ. ಯಂತ್ರದಿಂದ ಹೊರಬಂದದ್ದು ಪೊರೆ ಕಿತ್ತುಹೋದ ಪಟ್ಟಿ. ಡಬ್ಬಿಯ ಮೇಲಿನ ಬರಹವನ್ನು ಓದದೆ ಕೊಟ್ಟ ನನ್ನ ತಪ್ಪೇ ಅದರಲ್ಲಿ ಹೆಚ್ಚು. ಅದು ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಓರ್ವೊ ಫಿಲ್ಮು. 1936ರ ಆಗ್ಫಾಕಲರ್ ಪರಂಪರೆಗೆ ಸೇರಿದ್ದು. 1972ರಲ್ಲಿ ಕೊಡಕ್ ತಂದು, ಬಳಿಕ ಜಗತ್ತೆಲ್ಲ ಒಪ್ಪಿದ ಸಿ-41 ಕ್ರಮದಲ್ಲಿ ದ್ರಾವಣದ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್. ತಣ್ಣನೆಯ ದ್ರಾವಣಕ್ಕೆಂದೇ ಮಾಡಿದ ಮೆದು ಜಿಲೆಟಿನ್ ಅದನ್ನು ತಾಳಲಾರದು. ತಿಗಳಾರಿಯನ್ನು ಕನ್ನಡವೆಂದು ಭಾವಿಸಿ ಓದಿದಂತಾಯಿತು.

ಬೆಳಕು ತಾಗಿದ ಬೆಳ್ಳಿಯ ಲವಣದ ಕಣದಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಕೂಡಿ ನಿಲ್ಲುತ್ತವೆ. ಇದೇ ಸುಪ್ತಬಿಂಬ, ಕೊರೆದು ಮಸಿ ಹಿಡಿಸದ ಅಕ್ಷರಕ್ಕೆ ಸಮಾನವಾದದ್ದು. ಭೇದವೇನೆಂದರೆ, ಕೊರೆದ ಗೆರೆ ಗರಿ ಇರುವವರೆಗೂ ಇರುತ್ತದೆ. ಸುಪ್ತಬಿಂಬವಾದರೋ ಸೆಕೆ ತೇವಗಳಿಗೆ ಕರಗುತ್ತ ಹೋಗುತ್ತದೆ, ಅದರ ಸುತ್ತ ಮಬ್ಬೂ ಬೆಳೆಯುತ್ತದೆ. 1897ರಲ್ಲಿ ಬೆಲೂನಿನಲ್ಲಿ ಉತ್ತರಧ್ರುವಕ್ಕೆ ಹೊರಟು ಮಡಿದ ಸ್ವೀಡನ್ನಿನ ಆಂದ್ರೆಯ ತಂಡದ ಫಿಲ್ಮುಗಳು 1930ರಲ್ಲಿ ದೊರೆತಾಗ, ಸ್ಟಾಕ್‌ಹೋಮಿನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎಂಬವನು ಅವುಗಳಿಂದ 93 ಚಿತ್ರಗಳನ್ನು ಉಳಿಸಿದನು. ಅವು ಕಪ್ಪು-ಬಿಳುಪಿನವು, ಮೇಲಾಗಿ ಹಿಮದಲ್ಲಿದ್ದವು. ನಮ್ಮವು ಬಣ್ಣದವು, ನಲವತ್ತು ಬೇಸಗೆಗಳನ್ನು ಕಂಡವು.

ಎರಡನೆಯ ಸುರುಳಿಯನ್ನು 2024ರಲ್ಲಿ ತಿಳಿದವರೊಬ್ಬರ ಕತ್ತಲೆಕೋಣೆಯಲ್ಲಿ, ಬಣ್ಣದ ಆಸೆಯನ್ನು ಬಿಟ್ಟು, ಕಪ್ಪು-ಬಿಳುಪಿನ ದ್ರಾವಣದಲ್ಲೇ ತೊಳೆಸಿದೆ. ಮೊದಲು ತುದಿಯ ತುಂಡೊಂದನ್ನು ಪರೀಕ್ಷಿಸಿ, ಮಬ್ಬನ್ನು ತಡೆಯಲು ಬೆಂಜೋಟ್ರಯಜೋಲ್ ಬೆರೆಸಿ, ದ್ರಾವಣವನ್ನು ತಣ್ಣಗಿಟ್ಟು ಮಾಡಿದ ಕೆಲಸ. ಹೀಗೆ ಮಾಡಿದಲ್ಲಿ ವರ್ಣ ಹುಟ್ಟುವುದಿಲ್ಲ, ಬೆಳ್ಳಿಯ ಬಿಂಬ ಮಾತ್ರ ನಿಲ್ಲುತ್ತದೆ. ಯಾವ ಭೇದಕ್ಕಾಗಿ ಗುರುಗಳು ಬಣ್ಣವನ್ನು ಆರಿಸಿದ್ದರೋ ಆ ಭೇದವನ್ನೇ ಬಲಿಕೊಟ್ಟಂತಾಯಿತೆಂಬುದನ್ನು ನಾನು ಮುಚ್ಚಿಡಲಾರೆ.

36 ಚಿತ್ರಗಳಲ್ಲಿ ಹನ್ನೊಂದರಲ್ಲಿ ಏನಾದರೂ ಕಾಣುತ್ತದೆ. ಅವುಗಳಲ್ಲಿ ಒಂದು ಕೊನೆಯ ಗರಿ. ಲಿಪಿಕಾರನು ಶಕವರ್ಷವನ್ನು ಕೊಟ್ಟಿಲ್ಲ. ಸಂವತ್ಸರದ ಹೆಸರಿನಲ್ಲಿ ‘ವಿ’ ಸ್ಪಷ್ಟ, ಅನಂತರ ಕಕಾರ; ಅದರ ಬಲಕ್ಕೂ ಕೆಳಕ್ಕೂ ಕಲೆ ಮಬ್ಬಿನಲ್ಲಿ ಬೆರೆತಿದೆ. ಕೆಳಗೆ ರಕಾರದ ಒತ್ತಿದ್ದರೆ ವಿಕ್ರಮ, ವಟ್ರಸುಳಿಯಿದ್ದರೆ ವಿಕೃತಿ, ಬಲಕ್ಕೆ ದೀರ್ಘವಿದ್ದರೆ ವಿಕಾರಿ. ಅಕ್ಷರದ ಮೋಡಿಯಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವೆಂದು ಊಹಿಸಿದರೆ ಇವು ಕ್ರಮವಾಗಿ 1880-81, 1890-91, 1899-1900 ಆಗುತ್ತವೆ. ತಿಥಿ ವಾರಗಳು ಉಳಿದಿದ್ದರೆ ಪಂಚಾಂಗ ಹಿಡಿದು ನಿರ್ಣಯಿಸಬಹುದಾಗಿತ್ತು. ಅವೂ ಕಲೆಯ ಪಾಲಾಗಿವೆ. ಅಭ್ಯಾಸಬಲದಿಂದ ವಿಕಾರಿಯೆಂದು ಓದಲು ಮನಸ್ಸು ಎಳೆಯುತ್ತದೆ. ಆದರೆ ಕಾಣದ ಅಕ್ಷರವನ್ನು ಆವರಣದೊಳಗಿಡದೆ ಅಚ್ಚು ಮಾಡಿಸುವುದು ನಮ್ಮ ಪದ್ಧತಿಯಲ್ಲ.

ಮೂರನೆಯ ಸುರುಳಿ ಶೀತಪೆಟ್ಟಿಗೆಯಲ್ಲಿದೆ. ಓರ್ವೊ ಕ್ರಮಕ್ಕೆ ಹೊಂದುವ ವರ್ಣದ್ರಾವಣವನ್ನು ತಣ್ಣಗೆ ಸಿದ್ಧಪಡಿಸಬಲ್ಲವರು ದೊರೆಯುವವರೆಗೆ ಅದನ್ನು ತೆರೆಯುವುದಿಲ್ಲ. ಆ ದಿನ ಕೊನೆಯ ಗರಿಯ ಚಿತ್ರವನ್ನು ಗುರುಗಳು ಎರಡು ಸಲ ತೆಗೆದರು. ನಡುವೆ ಸುರುಳಿ ಬದಲಾಯಿಸಿ, ಕನ್ನಡಿಯನ್ನು ಎಡಗಡೆಯಿಂದ ಹಿಡಿಯಲು ನನಗೆ ಹೇಳಿದ್ದು ನೆನಪಿದೆ.