ಕೆಂಪು ಹರಳಿನ ವಾರ್ನಿಂಗ್

ಕೋಡ್‌ನಲ್ಲಿ ವಾರ್ನಿಂಗ್ ಬಂದ್ರೆ ‘ಇರ್ಲಿ ಬಿಡು’ ಅಂತ ಮುಂದೆ ಹೋಗುವವನು ನಾನು. ರಸಾಯನಶಾಸ್ತ್ರದಲ್ಲೂ ಅಂಥದ್ದೊಂದು ವಾರ್ನಿಂಗ್ 120 ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿದಿತ್ತು.

1844ರಲ್ಲಿ ಫ್ರಾನ್ಸಿನ ಪೆಲಿಗೋ ಕ್ರೋಮಸ್ ಅಸಿಟೇಟ್ ತಯಾರಿಸಿದರು. ಕ್ರೋಮಸ್ ಕ್ಲೋರೈಡ್ ನೀರಲ್ಲಿ ಕರಗಿದರೆ ನೀಲಿ; ಇದು ಮಾತ್ರ ಕಡುಗೆಂಪು. ಯಾಕೆ? 1953ರಲ್ಲಿ ಎಕ್ಸ್-ರೇ ಹಾಯಿಸಿ ನೋಡಿದರೆ ಕ್ರೋಮಿಯಂ ಪರಮಾಣುಗಳು ಜೋಡಿಜೋಡಿ, ಪ್ರತಿ ಜೋಡಿಗೂ ನಾಲ್ಕು ಅಸಿಟೇಟ್ ಸೇತುವೆ. ಆದರೂ ಪೂರ್ತಿ ಗುಟ್ಟು ಬಿಡಲಿಲ್ಲ.

1964ರಲ್ಲಿ ಅಮೆರಿಕದ ಎಫ್.ಎ. ಕಾಟನ್ ರೀನಿಯಂ ಸಂಯುಕ್ತವೊಂದರಲ್ಲಿ, ಎರಡು ಲೋಹದ ಪರಮಾಣುಗಳ ನಡುವೆ ನಾಲ್ಕುಪಟ್ಟು ಬಂಧ ಗುರುತಿಸಿದರು. ಆಮೇಲೆ ಹಳೇ ಕೆಂಪು ಹರಳನ್ನೂ ಮತ್ತೆ ಅಳೆದರು. ಜೋಡಿಯ ಅಂತರ 2.36 ಆಂಗ್‌ಸ್ಟ್ರಾಮ್, ಶುದ್ಧ ಕ್ರೋಮಿಯಂ ಲೋಹದಲ್ಲೇ ಅದು ಸುಮಾರು 2.5! ಇಲ್ಲೂ ಅದೇ ಬಂಧ.

ಸುಳಿವು ಮೊದಲ ದಿನದಿಂದ ಕಣ್ಣೆದುರೇ ಇತ್ತು. ಈಗೀಗ ನಾನೂ ವಾರ್ನಿಂಗ್ ಓದ್ತೀನಿ.