ಉಸಿರು ಎಲ್ಲಿ ನಿಲ್ಲಬೇಕು? ಬಾಗ್ದಾದಿನಿಂದ ಕಲಬುರಗಿಗೆ ಬಂದ ತಫ್ಸೀರ್

ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ಕಿವಿಗೊಟ್ಟವರಿಗೆ ಗೊತ್ತು, ಪದ ಒಡೆಯುವ ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ಕುರ್‌ಆನಿನ 3ನೇ ಅಧ್ಯಾಯದ 7ನೇ ವಚನದಲ್ಲಿ ಅಂಥದೊಂದು ಜಾಗವಿದೆ. ಗ್ರಂಥದ ಕೆಲವು ವಚನಗಳು ನಿಚ್ಚಳ, ಕೆಲವು ಗೂಢ ಎಂದು ಅಲ್ಲಿ ಬರುತ್ತದೆ. ಗೂಢವಾದವುಗಳ ಅರ್ಥ ದೇವರೊಬ್ಬನಿಗೇ ಗೊತ್ತೋ, ಜ್ಞಾನದಲ್ಲಿ ನೆಲೆನಿಂತವರಿಗೂ ಗೊತ್ತೋ? 'ಅಲ್ಲಾಹ್' ಎಂಬಲ್ಲಿ ಉಸಿರು ನಿಲ್ಲಿಸಿದರೆ ಒಂದು ಉತ್ತರ, ನಿಲ್ಲಿಸದೆ ಮುಂದೆ ಓದಿದರೆ ಇನ್ನೊಂದು. ತಫ್ಸೀರ್, ಅಂದರೆ ಕುರ್‌ಆನಿಗೆ ಅರ್ಥ ಹೇಳುವ ಶಾಸ್ತ್ರದ ದೊಡ್ಡ ವಾದವೇ ಈ ಒಂದು ಉಸಿರಿನಲ್ಲಿ ಅಡಗಿದೆ ಎನ್ನುವುದು ನನ್ನ ನಂಬಿಕೆ.

ಬಾಗ್ದಾದಿನ ತಬರಿ (ನಿಧನ 923) ನಿಲ್ಲಿಸಿ ಓದುವ ಪಕ್ಷದವರು. ಒಂದೊಂದು ವಚನಕ್ಕೂ ಹಿಂದಿನವರು ಹೇಳಿದ್ದೆಲ್ಲವನ್ನೂ, ಯಾರಿಂದ ಯಾರಿಗೆ ಬಂದ ಮಾತು ಎಂಬ ಹೆಸರುಗಳ ಸರಪಳಿ ಸಮೇತ ಜೋಡಿಸಿಟ್ಟು, ಕೊನೆಗೆ ತಮಗೆ ಒಪ್ಪಿಗೆಯಾದದ್ದನ್ನು ಹೇಳುತ್ತಾರೆ. ಒಪ್ಪದ ಮಾತನ್ನೂ ಅಳಿಸುವುದಿಲ್ಲ. ಬೇರೆಲ್ಲೂ ಸಿಗದ ಎಷ್ಟೋ ಹಳೆಯ ಅಭಿಪ್ರಾಯಗಳು ಅವರ ಪುಟಗಳಲ್ಲಿ ಉಳಿದಿರುವುದು ಈ ದೊಡ್ಡ ಮನಸ್ಸಿನಿಂದಲೇ.

ಖ್ವಾರಿಜ್ಮಿನ ಝಮಖ್ಶರಿ (ನಿಧನ 1144) ಮೆಕ್ಕಾದಲ್ಲಿ ಕುಳಿತು ಬರೆದ 'ಕಶ್ಶಾಫ್' ಹಿಡಿದದ್ದು ಬೇರೆ ದಾರಿ. ವ್ಯಾಕರಣ, ಅಲಂಕಾರ, ತರ್ಕ ಅದರ ಸಾಧನಗಳು. ಬಲ್ಲವರಿಗೂ ಗೂಢಾರ್ಥ ದಕ್ಕುತ್ತದೆ ಎನ್ನುವವರು ಅವರು. ಅವರ ಮುಅ್‌ತಜಿಲಿ ಎಂಬ ತರ್ಕಪ್ರಧಾನ ಸಿದ್ಧಾಂತ ಬಹುಪಾಲು ಸುನ್ನಿ ವಿದ್ವಾಂಸರಿಗೆ ಹಿಡಿಸಲಿಲ್ಲ, ಆದರೂ ಆ ಭಾಷಾಜ್ಞಾನವನ್ನು ಬಿಡಲಾಗಲಿಲ್ಲ. ನಂತರ ಬಂದ ಬೈಝಾವಿ ಎಂಬ ವಿದ್ವಾಂಸರು ಆ ಸಿದ್ಧಾಂತವನ್ನು ಸೋಸಿ, ಸಾರವನ್ನು ಅಡಕಗೊಳಿಸಿದರು. ಆ ಪುಸ್ತಕ ಶತಮಾನಗಳ ಕಾಲ ಮದರಸಾಗಳ ಪಠ್ಯವಾಯಿತು. ಕುರ್‌ಆನಿಗೆ ಮೊದಲು ಕುರ್‌ಆನಿನಿಂದಲೇ, ಆಮೇಲೆ ಪ್ರವಾದಿಯ ನಡೆನುಡಿಗಳ ವರದಿಯಾದ ಹದೀಸಿನಿಂದ ಅರ್ಥ ಹುಡುಕಬೇಕೆಂದ ದಮಾಸ್ಕಸ್ಸಿನ ಇಬ್ನ್ ಕಸೀರ್ (ನಿಧನ 1373) ತಬರಿಯ ಹಾದಿಗೆ ಹತ್ತಿರದವರು.

ಈ ಎರಡು ದಾರಿಗಳ ಜೊತೆಗೆ ಸೂಫಿಗಳದು ಮೂರನೆಯದು: ಮಾತಿನ ಹೊರಗಿನ ಅರ್ಥವನ್ನು ಒಪ್ಪಿಕೊಂಡೇ ಒಳಗಿನ ಸೂಚನೆಗೆ ಕಿವಿಗೊಡುವುದು. ಆ ದಾರಿ ನಮ್ಮ ಕಲಬುರಗಿಗೂ ಬಂತು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಇಳಿವಯಸ್ಸಿನಲ್ಲಿ ಬಹಮನಿ ರಾಜಧಾನಿಗೆ ಬಂದು, 1422ರಲ್ಲಿ ಅಲ್ಲೇ ತೀರಿಕೊಂಡ ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅವರು 'ಮುಲ್ತಕತ್' ಎಂಬ ತಫ್ಸೀರ್ ಬರೆದರು. ಹೆಸರಿನ ಅರ್ಥ, ಆಯ್ದು ಕೂಡಿಸಿದ್ದು. ಅಷ್ಟೇ ಅಲ್ಲ, ಝಮಖ್ಶರಿಯ 'ಕಶ್ಶಾಫ್'ಗೂ ಟಿಪ್ಪಣಿ ಬರೆದರು! ಸೂಫಿಯೊಬ್ಬರು ತರ್ಕವಾದಿಯ ಗ್ರಂಥವನ್ನು ಇಷ್ಟು ಶ್ರದ್ಧೆಯಿಂದ ಓದಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉರುಸಿನ ಸಂದಣಿಯಲ್ಲಿ ಸಂತರು ಕಾಣುತ್ತಾರೆ, ಈ ಓದುಗ ಕಾಣುವುದಿಲ್ಲವಲ್ಲ ಎಂಬ ಕೊರಗೂ ಇದೆ.

ಅವರ ಸಮಕಾಲೀನರೇ ಆದ, ಕೊಂಕಣ ತೀರದ ಮಾಹಿಮಿನ ಮಖ್ದೂಮ್ ಅಲಿ (ನಿಧನ 1431) ವಚನದಿಂದ ವಚನಕ್ಕಿರುವ ನಂಟನ್ನು ಹುಡುಕಿದರು. ಅಧ್ಯಾಯಗಳ ಮೊದಲಲ್ಲಿ ಬರುವ 'ಬಿಸ್ಮಿಲ್ಲಾ' ಒಂದೇ ಆದರೂ, ಆಯಾ ಅಧ್ಯಾಯದ ವಸ್ತುವಿಗೆ ತಕ್ಕಂತೆ ಅದಕ್ಕೆ ಪ್ರತಿಸಲ ಹೊಸ ಅರ್ಥ ಬರೆದರು.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅಚ್ಚಾಗುವ ಕುರ್‌ಆನ್ ತೆರೆದು ಆ 7ನೇ ವಚನ ನೋಡಿ. 'ಅಲ್ಲಾಹ್' ಪದದ ಮೇಲೆ ಪುಟ್ಟದೊಂದು 'ಮೀಮ್' ಅಕ್ಷರವಿದೆ. ಇಲ್ಲಿ ನಿಲ್ಲಲೇಬೇಕು ಎಂಬ ಗುರುತು ಅದು.