ಉಚಿತ ಸೂರು, ಸಂಶಯದ ಬೆಲೆ

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತವು ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿದುದು ನಮ್ಮ ಸದಸ್ಯ ಕುಟುಂಬಗಳಲ್ಲಿ ಅನೇಕರಿಗೆ ಇನ್ನೂ ನೆನಪಿದ್ದೀತು. ದ್ವೀಪದ ಒಳನಾಡಿನಲ್ಲಿರುವ ನಮ್ಮ ಜೆರಿಕೋಗೆ ಸಮುದ್ರ ನುಗ್ಗಲಿಲ್ಲ. ಮರಗಳು ಉರುಳಿದವು, ವಿದ್ಯುತ್ತು ಹೋಯಿತು. ಆದರೆ ದಕ್ಷಿಣ ತೀರದ ಲಾಂಗ್ ಬೀಚ್, ಫ್ರೀಪೋರ್ಟ್, ಲಿಂಡೆನ್‌ಹರ್ಸ್ಟ್‌ಗಳಲ್ಲಿ ಮನೆಗಳೊಳಗೇ ಉಪ್ಪುನೀರು ನಿಂತಿತು. ನೆಲೆ ಕಳೆದುಕೊಂಡವರ ಹೋಟೆಲ್ ಬಾಡಿಗೆಯನ್ನು ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ಭರಿಸತೊಡಗಿತು.

ಆ ನವೆಂಬರಿನಲ್ಲಿ ನಾನು ಒಂದು ಪರಿಹಾರ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಬೂಷ್ಟು ಹಿಡಿದ ಮನೆಗೆ ಮರಳಿದರೆ ಉಬ್ಬಸ ಹೆಚ್ಚುವುದೆಂದು ಒಬ್ಬರಿಗೆ ಪತ್ರ ಬರೆದುಕೊಟ್ಟೆ. ಅವರ ಮನೆಗೆ ನೀರೇ ಬಂದಿರಲಿಲ್ಲವೆಂದು ವಾರದ ಬಳಿಕ ತಿಳಿಯಿತು. ಮರುದಿನ ಅದೇ ಕೋರಿಕೆಯೊಡನೆ ವೃದ್ಧೆಯೊಬ್ಬರು ಬಂದರು. ಅವರ ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ನಾನು ಮನೆಯ ದಾಖಲೆ ಕೇಳಿದೆ. ದಾಖಲೆಗಳು ನೀರುಪಾಲಾಗಿದ್ದವು. ಆಕೆ ಮತ್ತೆ ಬರಲಿಲ್ಲ.

ಆಕೆಯನ್ನು ಬರಿಗೈಯಲ್ಲಿ ಕಳುಹಿಸಿದ್ದು ಮೊದಲನೆಯವರ ಸುಳ್ಳೋ, ನನ್ನ ಸಂಶಯವೋ? ಈ ಪ್ರಶ್ನೆಗೆ ದೀರ್ಘ ಇತಿಹಾಸವೇ ಇದೆ.

ನಮ್ಮ ನಾಡಿನಿಂದಲೇ ಆರಂಭಿಸೋಣ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯೊಂದೇ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಸೋಮಾರಿಗಳು ಬಿಟ್ಟಿ ಕೂಳಿಗೆ ಮುಗಿಬಿದ್ದಾರೆಂಬ ಭಯ ಆಗಲೂ ಅಧಿಕಾರಿಗಳನ್ನು ಕಾಡಿತು. ನಿಜವಾಗಿ ಹಸಿದವರು ಮಾತ್ರ ಬರಲೆಂದು ಕಠಿಣ ದುಡಿಮೆಯ ಪರೀಕ್ಷೆ, ಮನೆಯಿಂದ ದೂರದ ಕಾಮಗಾರಿಗೆ ಹೋಗಬೇಕೆಂಬ ಪರೀಕ್ಷೆ ಬಂದವು. ಬಳ್ಳಾರಿಯನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತದಲ್ಲಿ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದರು. ಅದು ಅರ್ಧ ಕಿಲೋಗಿಂತಲೂ ಕಡಿಮೆ. ಪ್ರಾಂತದ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್ ಇದನ್ನು ವೈದ್ಯನ ನೆಲೆಯಿಂದ ಬಲವಾಗಿ ವಿರೋಧಿಸಿದರು. ಕೆಲವು ತಿಂಗಳ ಬಳಿಕ ಪ್ರಮಾಣ ಹೆಚ್ಚಿತು. ದೂರದ ಪರೀಕ್ಷೆಯಲ್ಲಿ ಮೊದಲು ಸೋಲುವವನು ಮೋಸಗಾರನಲ್ಲ, ನಡೆಯಲಾರದವನು.

ಹಾಗಾದರೆ ಪರೀಕ್ಷೆಯನ್ನೇ ಸಡಿಲಿಸಿದರೆ? ಅದರ ಫಲವನ್ನು ಅಮೆರಿಕ 2005ರ ಕತ್ರಿನಾ ಚಂಡಮಾರುತದ ಬಳಿಕ ಕಂಡಿತು. ತ್ವರಿತವಾಗಿ ನೆರವು ತಲುಪಬೇಕೆಂದು ಫೀಮಾ ಅರ್ಜಿದಾರರ ಗುರುತನ್ನೂ ವಿಳಾಸವನ್ನೂ ಸರಿಯಾಗಿ ತಾಳೆ ನೋಡದೆ ಹಣ ಹಂಚಿತು. ಮರುವರ್ಷ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆಯ ಅಂದಾಜಿನಂತೆ, ಪಾವತಿಯ ಶೇಕಡ 16ರಷ್ಟು, ಎಂದರೆ ಸುಮಾರು 100 ಕೋಟಿ ಡಾಲರ್, ಸಲ್ಲದವರ ಪಾಲಾಗಿತ್ತು. ಒಬ್ಬ ಅರ್ಜಿದಾರ ಸ್ಮಶಾನವೊಂದರ ವಿಳಾಸವನ್ನು ಹಾನಿಗೊಂಡ ತನ್ನ ಮನೆಯೆಂದು ತೋರಿಸಿದ್ದ. ಇನ್ನೊಬ್ಬರಿಗೆ ಮನೆ ಬಾಡಿಗೆಯ ನೆರವೂ ಸಂದಿತ್ತು, ಅದೇ ವೇಳೆಗೆ ಹವಾಯಿಯ ಹೋಟೆಲೊಂದರಲ್ಲಿ 70 ರಾತ್ರಿಗಳ ವಾಸದ ಖರ್ಚೂ ಸಂದಿತ್ತು.

ಮುಂದೆ ವಸೂಲಾತಿಯ ಪತ್ರಗಳು ಹೊರಟವು. ಅವು ವಂಚಕರಿಗಷ್ಟೇ ಹೋಗಲಿಲ್ಲ. ಇಲಾಖೆಯದೇ ತಪ್ಪಿನಿಂದ ಹಣ ಪಡೆದು, ಅದನ್ನು ಎಂದೋ ಖರ್ಚು ಮಾಡಿದ್ದ ಸಾಮಾನ್ಯರಿಗೂ ಹೋದವು. ಅಂಥವರ ಸಾಲವನ್ನು ಮನ್ನಾ ಮಾಡಲು ಅವಕಾಶ ಕೊಡುವ ಕಾಯಿದೆ ಬಂದದ್ದು 2011ರ ಕೊನೆಗೆ, ಚಂಡಮಾರುತ ಬೀಸಿ ಆರು ವರ್ಷಗಳ ನಂತರ.

ಸ್ಯಾಂಡಿಯ ಕಾಲಕ್ಕೆ ತಪಾಸಣೆ ಬಿಗಿಯಾಗಿತ್ತು. ಆದರೂ ನ್ಯೂಜೆರ್ಸಿಯ ಅಟಾರ್ನಿ ಜನರಲ್ ಕಚೇರಿ 2014ರ ಮಾರ್ಚ್‌ನಿಂದ ಆರಂಭಿಸಿ 120ಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿತು. ಇವರಲ್ಲಿ ಬಹುತೇಕರ ಮೇಲಿದ್ದ ಆರೋಪ ಒಂದೇ ಬಗೆಯದು: ಕಡಲತೀರದ ಬೇಸಿಗೆ ಮನೆಯನ್ನೋ ಬಾಡಿಗೆಗೆ ಕೊಟ್ಟ ಮನೆಯನ್ನೋ ತಮ್ಮ ಮುಖ್ಯ ವಾಸಸ್ಥಳವೆಂದು ಬರೆದುಕೊಟ್ಟದ್ದು. ಎರಡು ಮನೆಯುಳ್ಳವರು ಒಂದೂ ಇಲ್ಲದವರ ಸಾಲಿನಲ್ಲಿ ನಿಂತಿದ್ದರು. ಅತ್ತ ಲಾಂಗ್ ಬೀಚಿನ ಮನೆಯೊಂದರ ವಿಮೆಯ ವ್ಯಾಜ್ಯದಲ್ಲಿ, ಎಂಜಿನಿಯರರ ಹಾನಿ ವರದಿಯನ್ನೇ ಮನೆಯೊಡೆಯರಿಗೆ ಪ್ರತಿಕೂಲವಾಗಿ ತಿದ್ದಲಾಗಿತ್ತೆಂದು ಅದೇ 2014ರಲ್ಲಿ ಒಕ್ಕೂಟ ನ್ಯಾಯಾಲಯ ಕಂಡುಕೊಂಡಿತು. ಮೋಸವು ಬೇಡುವವರ ಕಡೆಯಲ್ಲಿ ಮಾತ್ರ ಇರುತ್ತದೆಂದು ತಿಳಿಯಬಾರದು.

2019ರ ಆಗಸ್ಟ್ ನೆರೆಯ ಬಳಿಕ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಿಂದಲೂ ಇದೇ ಬಗೆಯ ದೂರುಗಳು ಕೇಳಿಬಂದವು. ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಮನೆಗೆ 50 ಸಾವಿರ. ಸಮೀಕ್ಷೆಯ ಹಾಳೆಯಲ್ಲಿ ‘ಎ’ ಎಂದು ಬರೆಯುವುದಕ್ಕೂ ‘ಸಿ’ ಎಂದು ಬರೆಯುವುದಕ್ಕೂ ನಡುವೆ ಹತ್ತುಪಟ್ಟು ವ್ಯತ್ಯಾಸವಿದ್ದಾಗ ಆಮಿಷವೂ ಅಷ್ಟೇ ದೊಡ್ಡದು. ಗಟ್ಟಿ ಗೋಡೆಯ ಮನೆ ಪಟ್ಟಿಗೆ ಸೇರಿತು, ಬಿದ್ದ ಮನೆ ಬಿಟ್ಟುಹೋಯಿತು ಎಂಬ ಅಳಲನ್ನು ಊರಿನ ಬಂಧುಗಳಿಂದ ನಮ್ಮಲ್ಲಿ ಹಲವರು ಕೇಳಿದ್ದೇವೆ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ದಾರಿ ಕಾಣುತ್ತದೆ. ಅಪಘಾತದ ಗಾಯಾಳುಗಳಲ್ಲಿ ಯಾರನ್ನು ದೊಡ್ಡ ಆಘಾತ ಚಿಕಿತ್ಸಾ ಕೇಂದ್ರಕ್ಕೆ ಒಯ್ಯಬೇಕೆಂದು ಕ್ಷಣಗಳಲ್ಲಿ ನಿರ್ಧರಿಸಬೇಕಾಗುತ್ತದೆ. ಅಲ್ಲಿ ಎರಡು ಬಗೆಯ ತಪ್ಪು ಸಾಧ್ಯ: ಅಗತ್ಯವಿಲ್ಲದವರನ್ನು ಒಯ್ಯುವುದು, ಅಗತ್ಯವಿದ್ದವರನ್ನು ಬಿಟ್ಟುಬಿಡುವುದು. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಮೊದಲನೆಯ ತಪ್ಪನ್ನು ಶೇಕಡ 25ರಿಂದ 35ರವರೆಗೂ ಸಹಿಸುತ್ತದೆ; ಎರಡನೆಯದು ಶೇಕಡ 5ನ್ನು ಮೀರಬಾರದು ಎನ್ನುತ್ತದೆ. ಏಕೆಂದರೆ ಮೊದಲನೆಯದರಿಂದ ಹಣ ನಷ್ಟ, ಎರಡನೆಯದರಿಂದ ಪ್ರಾಣ ನಷ್ಟ.

ಗಾಯಾಳು ಬೇಕೆಂದು ಸುಳ್ಳು ಹೇಳುವುದಿಲ್ಲ, ವಂಚಕ ಹೇಳುತ್ತಾನೆ. ಈ ಹೋಲಿಕೆಗೆ ಅಷ್ಟರ ಮಿತಿಯಿದೆ. ಆದರೂ ಕ್ರಮವನ್ನು ಅದರಿಂದ ಕಲಿಯಬಹುದು. ಮೊದಲ ರಾತ್ರಿಗಳ ಸೂರಿಗೆ ಕಾಗದ ಕೇಳಬಾರದು. ವಾಸ ವಾರಗಳಿಗೆ ಬೆಳೆದಂತೆ ಪುರಾವೆ ಕೇಳಬೇಕು. ಶಾಶ್ವತ ಮನೆಯನ್ನೋ ದೊಡ್ಡ ಮೊತ್ತವನ್ನೋ ಕೊಡುವಾಗ ಪಟ್ಟಿಯನ್ನು ಊರವರೆದುರು ಓದಿ, ಆಕ್ಷೇಪಗಳನ್ನು ಆಲಿಸಿ, ಆಮೇಲೆ ಸಹಿ ಹಾಕಬೇಕು. ನಮ್ಮಂತಹ ಸಂಘಗಳು ಮುಂದಿನ ನೆರೆಗೆ ನಿಧಿ ಕೂಡಿಸುವಾಗಲೂ ಈ ಕ್ರಮ ಸಲ್ಲುತ್ತದೆ.

ಅಂದು ನನ್ನಿಂದ ಪತ್ರ ಪಡೆದವರು ಕೆಲವು ರಾತ್ರಿಗಳ ಹೋಟೆಲ್ ವಾಸವನ್ನು ಮಾತ್ರ ಕದ್ದರೆಂದು ಬಹುಕಾಲ ಎಣಿಸಿದ್ದೆ. ಅವರ ಹಿಂದೆ ಬರಲಿದ್ದ ವೃದ್ಧೆಯ ಮಾತಿಗಿದ್ದ ಬೆಲೆಯನ್ನೂ ಅವರು ಕದ್ದಿದ್ದರು. ಆದರೆ ಅದನ್ನು ಆಕೆಗೆ ಹಿಂದಿರುಗಿಸುವುದು ನನ್ನ ಕೈಯಲ್ಲಿತ್ತು. ನಾನು ಹಿಂದಿರುಗಿಸಲಿಲ್ಲ.